ಜಾನ್ ಸ್ನೋ

ಜಾನ್ ಸ್ನೋ (ಮಾರ್ಚ್ 15, 1813 – ಜೂನ್ 16, 1858) ಇಂಗ್ಲೆಂಡಿನ ವೈದ್ಯರು. ಕಾಲರಾ ರೋಗವು ಕಲುಷಿತ ನೀರಿನ ಮೂಲಕ ಹರಡುತ್ತದೆ ಎಂಬುದನ್ನು, ಆ ರೋಗದ ಜೀವಾಣುವಿನ ಪರಿಚಯ ವೈದ್ಯಲೋಕಕ್ಕೆ ಇಲ್ಲದಿದ್ದ ಕಾಲದಲ್ಲಿ, ಮರಣಗಳ ಎಣಿಕೆ ಮತ್ತು ಹೋಲಿಕೆಯಿಂದಲೇ ತೋರಿಸಿಕೊಟ್ಟವರು. ಅರಿವಳಿಕೆ ಶಾಸ್ತ್ರದ ಸ್ಥಾಪಕರಲ್ಲಿಯೂ ಇವರು ಪ್ರಮುಖರು. ಪ್ರಯೋಗ, ಅವಲೋಕನಾತ್ಮಕ ಅಧ್ಯಯನ, ನೈಸರ್ಗಿಕ ಪ್ರಯೋಗ ಎಂಬ ಸಂಶೋಧನಾ ವಿನ್ಯಾಸಗಳ ವ್ಯತ್ಯಾಸವನ್ನು ಸಂಖ್ಯಾಶಾಸ್ತ್ರದ ಆರಂಭಿಕ ಪಾಠಗಳಲ್ಲಿ ವಿವರಿಸುವಾಗ ಇವರ 1854ರ ಲಂಡನ್ ಅಧ್ಯಯನವನ್ನು ಉದಾಹರಿಸುವುದು ವಾಡಿಕೆ.

ಆರಂಭಿಕ ಜೀವನ

ಸ್ನೋ ಅವರು ಯಾರ್ಕ್ ನಗರದ ಕೂಲಿ ಕಾರ್ಮಿಕ ಕುಟುಂಬವೊಂದರಲ್ಲಿ ಹಿರಿಯ ಮಗನಾಗಿ ಜನಿಸಿದರು. ಹದಿನಾಲ್ಕನೆಯ ವಯಸ್ಸಿನಲ್ಲಿ ನ್ಯೂಕ್ಯಾಸಲ್ ನಗರದ ಶಸ್ತ್ರವೈದ್ಯ ವಿಲಿಯಂ ಹಾರ್ಡ್‌ಕ್ಯಾಸಲ್ ಅವರ ಬಳಿ ಶಿಷ್ಯವೃತ್ತಿಗೆ ಸೇರಿದರು. 1831–32ರಲ್ಲಿ ಕಾಲರಾ ಮೊದಲ ಬಾರಿಗೆ ಇಂಗ್ಲೆಂಡನ್ನು ಪ್ರವೇಶಿಸಿದಾಗ ಕಿಲಿಂಗ್‌ವರ್ತ್ ಕಲ್ಲಿದ್ದಲು ಗಣಿಯ ಕಾರ್ಮಿಕರಿಗೆ ಚಿಕಿತ್ಸೆ ನೀಡಲು ಇವರನ್ನು ಕಳುಹಿಸಲಾಯಿತು. 1836ರಲ್ಲಿ ಲಂಡನ್ನಿಗೆ ತೆರಳಿ ವೈದ್ಯಕೀಯ ವ್ಯಾಸಂಗವನ್ನು ಮುಂದುವರಿಸಿ, 1844ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ಎಂ.ಡಿ. ಪದವಿ ಪಡೆದರು. ಇವರು ಅವಿವಾಹಿತರಾಗಿಯೇ ಉಳಿದರು.

ಅರಿವಳಿಕೆ: ಪ್ರಯೋಗಶೀಲ ವೈದ್ಯ

1846ರ ಕೊನೆಯಲ್ಲಿ ಈಥರ್ ಬಳಕೆಯ ಸುದ್ದಿ ಅಮೆರಿಕದಿಂದ ಲಂಡನ್ನಿಗೆ ತಲುಪಿತು. ಅನೇಕ ವೈದ್ಯರು ಅದನ್ನು ಅಂದಾಜಿನಿಂದ ಬಳಸುತ್ತಿದ್ದಾಗ, ಸ್ನೋ ಅವರು ಉಷ್ಣತೆಗೆ ತಕ್ಕಂತೆ ಗಾಳಿಯಲ್ಲಿ ಈಥರ್ ಆವಿಯ ಪ್ರಮಾಣ ಎಷ್ಟು ಬದಲಾಗುತ್ತದೆ ಎಂಬುದನ್ನು ಅಳೆದರು. ಪ್ರಾಣಿಗಳ ಮೇಲೆಯೂ ತಮ್ಮ ಮೇಲೆಯೂ ನಿಗದಿತ ಪ್ರಮಾಣವನ್ನು ಪ್ರಯೋಗಿಸಿ ಪರಿಣಾಮವನ್ನು ಗುರುತಿಸಿಕೊಂಡು, ಅದಕ್ಕೆ ಸೂಕ್ತವಾದ ಉಪಕರಣವನ್ನು ರೂಪಿಸಿದರು. 1853 ಮತ್ತು 1857ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗಳಲ್ಲಿ ಕ್ಲೋರೋಫಾರಂ ನೀಡಿದವರು ಇವರೇ.

ಈ ಕೆಲಸವು ಶುದ್ಧ ಅರ್ಥದಲ್ಲಿ ಪ್ರಯೋಗ. ಯಾವ ಜೀವಿಗೆ ಎಷ್ಟು ಆವಿ ಎಂಬುದನ್ನು ನಿರ್ಧರಿಸುವವರು ಸ್ವತಃ ಸಂಶೋಧಕರು. ಕಾಲರಾದ ವಿಷಯದಲ್ಲಿ ಈ ಸ್ವಾತಂತ್ರ್ಯ ಇವರಿಗಿರಲಿಲ್ಲ. ಯಾರಿಗೂ ಉದ್ದೇಶಪೂರ್ವಕವಾಗಿ ಕೊಳಚೆ ನೀರು ಕುಡಿಸಿ ನೋಡುವಂತಿಲ್ಲವಷ್ಟೆ.

ಬ್ರಾಡ್ ಸ್ಟ್ರೀಟ್ ಪ್ರಕರಣ

ಕೊಳೆತ ವಸ್ತುಗಳಿಂದ ಏಳುವ ದುರ್ವಾಯುವೇ ಕಾಲರಾಕ್ಕೆ ಕಾರಣವೆಂಬುದು ಅಂದಿನ ಪ್ರಬಲ ನಂಬಿಕೆ. ರೋಗವು ಕರುಳಿನಲ್ಲಿ ಆರಂಭವಾಗುವುದರಿಂದ ಅದರ ವಿಷವು ಬಾಯಿಯ ಮೂಲಕವೇ ಒಳಹೊಕ್ಕಿರಬೇಕೆಂದು ತರ್ಕಿಸಿದ ಸ್ನೋ ಅವರು 1849ರಲ್ಲಿ ಕಿರುಪುಸ್ತಕವೊಂದನ್ನು ಪ್ರಕಟಿಸಿದರು. ಅದಕ್ಕೆ ಹೆಚ್ಚಿನ ಮನ್ನಣೆ ದೊರೆಯಲಿಲ್ಲ.

1854ರ ಆಗಸ್ಟ್ 31ರಂದು ಲಂಡನ್ನಿನ ಸೋಹೋ ಪ್ರದೇಶದಲ್ಲಿ ಕಾಲರಾ ಭೀಕರವಾಗಿ ಸ್ಫೋಟಿಸಿತು. ಮರಣ ನೋಂದಣಿ ಕಚೇರಿಯಿಂದ ಪಡೆದ 83 ಮರಣಗಳ ವಿವರವನ್ನು ಹಿಡಿದು ಸ್ನೋ ಅವರು ಮನೆಮನೆಗೆ ತೆರಳಿದರು. 73 ಮರಣಗಳು ಬ್ರಾಡ್ ಸ್ಟ್ರೀಟಿನ ಕೈಪಂಪಿಗೆ ಸಮೀಪದ ಮನೆಗಳಲ್ಲಿ ಸಂಭವಿಸಿದ್ದವು; ಅವರಲ್ಲಿ 61 ಮಂದಿ ಆ ನೀರನ್ನು ಕುಡಿಯುತ್ತಿದ್ದುದು ತಿಳಿದುಬಂತು. ಇವರ ವಾದಕ್ಕೆ ಅಷ್ಟೇ ಬಲ ನೀಡಿದ್ದು ನಿಯಮಕ್ಕೆ ಹೊರತಾಗಿ ಕಂಡ ಪ್ರಕರಣಗಳು. ಪಕ್ಕದ ಬಿಯರ್ ತಯಾರಿಕಾ ಘಟಕದ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಯಾರೂ ಕಾಲರಾದಿಂದ ಸಾಯಲಿಲ್ಲ. ಅವರಿಗೆ ಕುಡಿಯಲು ಬಿಯರ್ ದೊರೆಯುತ್ತಿತ್ತು, ಘಟಕಕ್ಕೆ ಸ್ವಂತ ಬಾವಿಯೂ ಇತ್ತು. ಬಡವರ ಆಶ್ರಯಧಾಮದ 535 ನಿವಾಸಿಗಳಲ್ಲಿ ಸತ್ತವರು ಐವರು ಮಾತ್ರ; ಅಲ್ಲಿಯೂ ಪ್ರತ್ಯೇಕ ಬಾವಿಯಿತ್ತು. ಇತ್ತ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ವಾಸವಾಗಿದ್ದ ವಿಧವೆಯೊಬ್ಬರು ರುಚಿಯ ಕಾರಣಕ್ಕೆ ಈ ಪಂಪಿನ ನೀರನ್ನೇ ತರಿಸಿ ಕುಡಿದು ಮೃತಪಟ್ಟಿದ್ದರು.

ಸೆಪ್ಟೆಂಬರ್ 7ರಂದು ಸ್ನೋ ಅವರು ಸ್ಥಳೀಯ ಆಡಳಿತ ಮಂಡಳಿಯ ಮುಂದೆ ಈ ಸಂಗತಿಗಳನ್ನು ನಿವೇದಿಸಿದರು. ಮರುದಿನ ಪಂಪಿನ ಹಿಡಿಯನ್ನು ಕಳಚಲಾಯಿತು. ಇದರಿಂದಲೇ ಪಿಡುಗು ನಿಂತಿತೆಂಬ ಕಥೆ ಜನಪ್ರಿಯವಾಗಿದ್ದರೂ ಸರಿಯಲ್ಲ. ಜನರು ಊರು ಬಿಟ್ಟು ಹೋಗಿದ್ದರಿಂದ ಮರಣಗಳು ಅದಕ್ಕೆ ಮೊದಲೇ ಇಳಿಮುಖವಾಗಿದ್ದವು. ಸ್ನೋ ಅವರೇ ಇದನ್ನು ಒಪ್ಪಿಕೊಂಡಿದ್ದಾರೆ. ಹೋಲಿಕೆಯ ಗುಂಪಿಲ್ಲದೆ, ಒಂದು ಕ್ರಮದ ಹಿಂದು-ಮುಂದನ್ನು ಮಾತ್ರ ನೋಡಿ ಅದರ ಫಲವನ್ನು ನಿರ್ಣಯಿಸಲಾಗದು ಎಂಬುದಕ್ಕೆ ಈ ಹಿಡಿಯ ಪ್ರಸಂಗ ಒಳ್ಳೆಯ ನಿದರ್ಶನ.

ದಕ್ಷಿಣ ಲಂಡನ್ನಿನ ಅಧ್ಯಯನ

ಬ್ರಾಡ್ ಸ್ಟ್ರೀಟಿನಷ್ಟು ಪ್ರಸಿದ್ಧವಲ್ಲದಿದ್ದರೂ ವಿನ್ಯಾಸದ ದೃಷ್ಟಿಯಿಂದ ಇದೇ ಸ್ನೋ ಅವರ ಶ್ರೇಷ್ಠ ಕಾರ್ಯ. ದಕ್ಷಿಣ ಲಂಡನ್ನಿಗೆ ಎರಡು ಕಂಪನಿಗಳು ಥೇಮ್ಸ್ ನದಿಯ ನೀರನ್ನು ಪೂರೈಸುತ್ತಿದ್ದವು. ಲ್ಯಾಂಬೆತ್ ಕಂಪನಿಯು 1852ರಲ್ಲಿ ನೀರೆತ್ತುವ ಸ್ಥಳವನ್ನು ನಗರದ ಕೊಳಚೆ ತಲುಪದ ಮೇಲ್ಪ್ರದೇಶಕ್ಕೆ ಬದಲಾಯಿಸಿತು. ಸೌತ್‌ವರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿಯು ಮಾತ್ರ ಬ್ಯಾಟರ್‌ಸೀ ಬಳಿ ಕೊಳಚೆ ಬೆರೆತ ನೀರನ್ನೇ ಎತ್ತುತ್ತಿತ್ತು. ಹಲವು ಬೀದಿಗಳಲ್ಲಿ ಎರಡೂ ಕಂಪನಿಗಳ ಕೊಳವೆಗಳು ಜೊತೆಜೊತೆಯಾಗಿ ಸಾಗಿದ್ದವು. ಒಂದು ಮನೆಗೆ ಒಂದು ಕಂಪನಿಯ ನೀರು, ಪಕ್ಕದ ಮನೆಗೆ ಇನ್ನೊಂದರದು. ಬಡವ-ಬಲ್ಲಿದ ಭೇದವಿಲ್ಲ, ಉಸಿರಾಡುವ ಗಾಳಿಯೂ ಒಂದೇ. ಮನೆಯವರಿಗೆ ತಮ್ಮ ಕಂಪನಿಯ ಹೆಸರು ತಿಳಿಯದಿದ್ದಲ್ಲಿ ಸ್ನೋ ಅವರು ನೀರಿನ ಉಪ್ಪಿನಂಶವನ್ನು ಪರೀಕ್ಷಿಸಿ ನಿರ್ಧರಿಸುತ್ತಿದ್ದರು. ಒಂದರ ನೀರಿನಲ್ಲಿ ಅದು ಇನ್ನೊಂದರದಕ್ಕಿಂತ ಸುಮಾರು ನಲವತ್ತು ಪಟ್ಟು ಹೆಚ್ಚಿತ್ತು.

1854ರ ಪಿಡುಗಿನ ಮೊದಲ ಏಳು ವಾರಗಳಲ್ಲಿ ಸೌತ್‌ವರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿಯ 40,046 ಮನೆಗಳಲ್ಲಿ 1,263 ಮರಣಗಳೂ ಲ್ಯಾಂಬೆತ್ ಕಂಪನಿಯ 26,107 ಮನೆಗಳಲ್ಲಿ 98 ಮರಣಗಳೂ ಸಂಭವಿಸಿದವು. ಹತ್ತು ಸಾವಿರ ಮನೆಗಳಿಗೆ ಲೆಕ್ಕ ಹಾಕಿದರೆ ಮೊದಲಿನದರಲ್ಲಿ 315, ಎರಡನೆಯದರಲ್ಲಿ 37.

ಸ್ನೋ ಅವರು ಇದನ್ನು ಪ್ರಯೋಗವೆಂದೇ ಕರೆದರು. ಇಂದಿನ ವರ್ಗೀಕರಣದಲ್ಲಿ ಇದು ಪ್ರಯೋಗವಲ್ಲ. ಯಾವ ಮನೆಗೆ ಯಾವ ನೀರು ಎಂಬುದನ್ನು ಇವರು ನಿರ್ಧರಿಸಿರಲಿಲ್ಲ, ಚೀಟಿ ಎತ್ತಿ ಹಂಚಿರಲೂ ಇಲ್ಲ. ಕಂಪನಿಗಳ ಹಳೆಯ ಪೈಪೋಟಿಯಿಂದ ಅದು ತಾನಾಗಿ ಏರ್ಪಟ್ಟಿತ್ತು. ಆದ್ದರಿಂದ ಇದು ಅವಲೋಕನಾತ್ಮಕ ಅಧ್ಯಯನ. ಆದರೆ ಹಂಚಿಕೆಯು ಬಡತನ, ವಾಸಸ್ಥಳ, ಉದ್ಯೋಗ ಮುಂತಾದ ಅಂಶಗಳಿಗೆ ಹೆಚ್ಚುಕಡಿಮೆ ಸಂಬಂಧಪಡದೆ ನಡೆದಿದ್ದರಿಂದ ಇದನ್ನು ನೈಸರ್ಗಿಕ ಪ್ರಯೋಗವೆಂದು ವಿಶೇಷವಾಗಿ ಹೆಸರಿಸುತ್ತಾರೆ. ಇದರಲ್ಲಿ ಕೊರತೆಯೂ ಇತ್ತು. ಕೊಳವೆಗಳು ಬೆರೆತಿದ್ದ ಬೀದಿಗಳ ಮನೆಗಳ ಲೆಕ್ಕ ಪ್ರತ್ಯೇಕವಾಗಿ ದೊರೆಯದೆ, ಮೇಲಿನ ಪ್ರಮಾಣಗಳನ್ನು ಕಂಪನಿಗಳ ಒಟ್ಟು ಮನೆಗಳ ಮೇಲೆ ಕಟ್ಟಬೇಕಾಯಿತು. ಇದನ್ನು ಸರಿಪಡಿಸಲು ಸ್ನೋ ಅವರು 1856ರಲ್ಲಿ ಮತ್ತೊಂದು ಲೇಖನ ಬರೆದರು.

ನಿಧನ ಮತ್ತು ಮನ್ನಣೆ

ಸಮಕಾಲೀನರನ್ನು ಈ ಅಂಕಿಗಳು ಒಪ್ಪಿಸಲಿಲ್ಲ. ಆರೋಗ್ಯ ಮಂಡಳಿಯ ವಿಚಾರಣಾ ಸಮಿತಿಯು ಬ್ರಾಡ್ ಸ್ಟ್ರೀಟಿನ ವಿವರಣೆಯನ್ನು ತಿರಸ್ಕರಿಸಿತು. ಸ್ನೋ ಅವರ ವಾದವನ್ನು ಸುಳ್ಳಾಗಿಸಲು ಹೊರಟಿದ್ದ ಪಾದ್ರಿ ಹೆನ್ರಿ ವೈಟ್‌ಹೆಡ್ ಅವರು ಮಾತ್ರ ರೋಗಕ್ಕೆ ತುತ್ತಾಗದವರನ್ನೂ ವಿಚಾರಿಸುತ್ತ ಹೋಗಿ, ಕೊನೆಗೆ ಅದನ್ನು ಸಮರ್ಥಿಸಿದರು. ಪಂಪಿನ ಬಾವಿಗೆ ಮೂರು ಅಡಿಗಿಂತ ಸಮೀಪದಲ್ಲಿದ್ದ ಮಲಗುಂಡಿಗೆ ರೋಗಪೀಡಿತ ಶಿಶುವಿನ ಬಟ್ಟೆ ತೊಳೆದ ನೀರು ಸೇರಿದ್ದನ್ನು ಪತ್ತೆಹಚ್ಚಿದವರೂ ಅವರೇ.

ಸ್ನೋ ಅವರು ಪಾರ್ಶ್ವವಾಯುವಿನಿಂದ 45ನೆಯ ವಯಸ್ಸಿನಲ್ಲಿ ನಿಧನರಾದರು. ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಪುಟ್ಟ ಮರಣವಾರ್ತೆಯಲ್ಲಿ ಕಾಲರಾದ ಪ್ರಸ್ತಾಪವೇ ಇರಲಿಲ್ಲ. 1866ರ ಪಿಡುಗಿನಲ್ಲಿ ಅಂಕಿಅಂಶ ತಜ್ಞ ವಿಲಿಯಂ ಫಾರ್ ಅವರು ನೀರಿನ ಪಾತ್ರವನ್ನು ಒಪ್ಪಿದರು. 1884ರಲ್ಲಿ ರಾಬರ್ಟ್ ಕಾಖ್ ಅವರು ಕಲ್ಕತ್ತೆಯಲ್ಲಿ ಕಾಲರಾ ಜೀವಾಣುವನ್ನು ಬೇರ್ಪಡಿಸಿದರು. ಇಂದು ಬ್ರಾಡ್‌ವಿಕ್ ಸ್ಟ್ರೀಟ್ ಎಂದು ಕರೆಯಲಾಗುವ ಅದೇ ಬೀದಿಯಲ್ಲಿ ಹಿಡಿಯಿಲ್ಲದ ಪಂಪಿನ ಪ್ರತಿಕೃತಿಯಿದೆ. ಅದರ ಸಮೀಪದ ಮದ್ಯದಂಗಡಿಗೆ, ಬಹುಕಾಲ ಮದ್ಯವನ್ನು ವರ್ಜಿಸಿದ್ದ ಸ್ನೋ ಅವರ ಹೆಸರನ್ನು ಇಡಲಾಗಿದೆ.