ಜಯಚಾಮರಾಜ ಒಡೆಯರು: ಪಿಯಾನೊದಿಂದ ಕೃತಿರಚನೆಯವರೆಗೆ

ಮೈಸೂರು ಸಂಸ್ಥಾನದ ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರನ್ನು (1919–1974) ಕರ್ನಾಟಕ ಸಂಗೀತದ ಕೇಳುಗರು ಶ್ರೀವಿದ್ಯಾ ಅಂಕಿತದ 94 ಕೃತಿಗಳ ಕರ್ತೃವೆಂದು ಬಲ್ಲರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಚರಿತ್ರೆಯನ್ನು ಬಲ್ಲವರು ಅದೇ ಹೆಸರನ್ನು ಬೇರೊಂದು ಕಾರಣಕ್ಕೆ ಸ್ಮರಿಸುತ್ತಾರೆ. ಲಂಡನ್ನಿನಲ್ಲಿ ಮರೆಯಾಗುತ್ತಿದ್ದ ರಷ್ಯನ್ ಸಂಗೀತ ರಚನಕಾರನೊಬ್ಬನ ಕೃತಿಗಳು ಧ್ವನಿಮುದ್ರಿಕೆಗಳಾಗಿ ಉಳಿದದ್ದು ಈ ಮಹಾರಾಜರ ಔದಾರ್ಯದಿಂದ. ಈ ಎರಡು ಬಗೆಯ ಕೇಳುಗರಿಗೆ ಪರಸ್ಪರ ಪರಿಚಯ ಕಡಿಮೆ. ನಾನೂ ಬಹುಕಾಲ ಮೊದಲನೆಯ ಗುಂಪಿನಲ್ಲಿಯೇ ಇದ್ದೆ.

ಟೆಕ್ಸಸ್‌ನ ಸೌತ್‌ಲೇಕ್‌ನಲ್ಲಿ ನೆಲೆಸಿದ ಮೇಲೂ ನನ್ನ ಕಿವಿ ರಾಗ, ತಾಳಗಳ ಹೊಸ್ತಿಲನ್ನು ದಾಟಿರಲಿಲ್ಲ. ಹಾಗಿರುವಾಗ ನನ್ನ ಮಗಳು ವೀಣೆಯ ಪಾಠವನ್ನು ನಿಲ್ಲಿಸಿ ಪಿಯಾನೊ ಕಲಿಯತೊಡಗಿದಳು. ಮೇಲ್ನೋಟಕ್ಕೆ ಒಪ್ಪಿದೆನಾದರೂ ಒಳಗೆ ನೋವಿತ್ತು. ನಮ್ಮ ಊರಿಗೆ ಸಮೀಪದ ಫೋರ್ಟ್ ವರ್ತ್ ನಗರ ಪಿಯಾನೊ ಲೋಕದಲ್ಲಿ ಪ್ರಸಿದ್ಧವಾದುದು. ವ್ಯಾನ್ ಕ್ಲೈಬರ್ನ್ ಹೆಸರಿನ ಅಂತರರಾಷ್ಟ್ರೀಯ ಪಿಯಾನೊ ಸ್ಪರ್ಧೆ 1962ರಿಂದ ಅಲ್ಲಿಯೇ ನಡೆಯುತ್ತ ಬಂದಿದೆ. ಆ ನಗರದಲ್ಲಿ ಮಗಳ ಜೊತೆ ಕೇಳಿದ ಒಂದು ಕಚೇರಿಯಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಚನಕಾರನ ಒಂದು ಕಿರುರಚನೆಯಿತ್ತು. ಮನೆಗೆ ಬಂದು ಆತನ ವಿಷಯ ಓದಿದಾಗ ಆತನ ಮೂರನೆಯ ಪಿಯಾನೊ ಕನ್ಚರ್ಟೊ ಮೈಸೂರಿನ ಮಹಾರಾಜರಿಗೆ ಅರ್ಪಿತವಾಗಿದೆಯೆಂದು ತಿಳಿಯಿತು. ಒಡೆಯರ ಜೀವನವನ್ನು ನಾನು ಮತ್ತೆ ಓದತೊಡಗಿದ್ದು ಅಂದಿನಿಂದ.

ಜಯಚಾಮರಾಜರು 1919ರ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು. ಅವರು ಬೆಳೆದ ಅರಮನೆಯಲ್ಲಿ ಸಂಗೀತಕ್ಕೆ ಒಂದೇ ಬಾಗಿಲಿರಲಿಲ್ಲ. ವೀಣೆ ಶೇಷಣ್ಣನವರ ಪರಂಪರೆ ಅಲ್ಲಿತ್ತು. ಪಾಶ್ಚಾತ್ಯ ವಾದ್ಯಗಳ ಬ್ಯಾಂಡ್ ಅಲ್ಲಿತ್ತು. ಉತ್ತರಾದಿಯ ಗಾಯಕರಿಗೂ ಅಲ್ಲಿ ಮನ್ನಣೆಯಿತ್ತು. ಕಲ್ಕತ್ತೆಯಿಂದ ಪ್ರಸಿದ್ಧಿಗೆ ಬಂದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರಿನ ಆಸ್ಥಾನದ ಆಶ್ರಯದಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಇಂಥ ಮನೆಯ ಹುಡುಗನಿಗೆ ಪರಸಂಗೀತವೆಂಬುದು ಭಯದ ವಸ್ತುವಾಗಿರಲು ಸಾಧ್ಯವಿರಲಿಲ್ಲ.

ಆದರೂ ಅವರ ಮೊದಲ ಒಲವು ಪಿಯಾನೊ. ಅವರೂ ತಂಗಿ ವಿಜಯಾದೇವಿಯವರೂ ಬಾಲ್ಯದಿಂದ ಅದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದರು. ಮಹಾರಾಜ ಕಾಲೇಜಿನಲ್ಲಿ ಪದವಿ ಪಡೆದ ಮೇಲೆ ಕಚೇರಿಯ ಪಿಯಾನೊವಾದಕರಾಗಬೇಕೆಂಬ ಆಸೆ ಅವರಲ್ಲಿ ಬೇರೂರಿತ್ತು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆಯೂ ದೊಡ್ಡಪ್ಪನೂ ಮರಣ ಹೊಂದಿದರು. 21 ವರ್ಷದ ತರುಣ ಸಿಂಹಾಸನವನ್ನು ಏರಬೇಕಾಯಿತು. ವಾದಕನಾಗುವ ಕನಸು ಅಲ್ಲಿಗೆ ಮುಗಿಯಿತು. ಕಲಿಕೆ ಮಾತ್ರ ನಿಲ್ಲಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯೂ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೊ ಮನ್ನಣೆಯೂ 1945ರಲ್ಲಿ ಅವರಿಗೆ ದೊರೆತವು.

ತಾನು ವೇದಿಕೆಗೆ ಏರಲಾಗದ ಸಂಗೀತಕ್ಕೆ ಅವರು ಪೋಷಕರಾದರು. ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು. ರಖ್ಮನಿನೋವನ ಆಪ್ತ ಸ್ನೇಹಿತ. ರಷ್ಯದ ಕ್ರಾಂತಿಯ ನಂತರ ದೇಶ ತೊರೆದು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ್ದನು. ಸಮಕಾಲೀನರು ಶ್ರುತಿಬದ್ಧವಾದ ಹಳೆಯ ಸ್ವರಮೇಳವನ್ನು ತೊರೆದು ಹೊಸ ಹಾದಿ ಹಿಡಿದಾಗ ಮೆಟ್ನರ್ ಸಂಪ್ರದಾಯದ ನಿಯಮಗಳನ್ನು ಬಿಡಲಿಲ್ಲ. ಆ ನಿಲುವನ್ನು ಸಮರ್ಥಿಸಿ ಒಂದು ಗ್ರಂಥವನ್ನೂ ಬರೆದನು. ಹೀಗಾಗಿ ಕಾಲವು ಅವನನ್ನು ಬದಿಗೆ ಸರಿಸಿತ್ತು. ಮಹಾಯುದ್ಧದ ದಿನಗಳಲ್ಲಿ ಆರೋಗ್ಯವೂ ಕೆಟ್ಟಿತ್ತು. ಅವನ ರಚನೆಗಳನ್ನು ಧ್ವನಿಮುದ್ರಿಸಲೆಂದೇ ಮೆಟ್ನರ್ ಸೊಸೈಟಿ ಸ್ಥಾಪನೆಯಾದದ್ದು ಒಡೆಯರ ಧನಸಹಾಯದಿಂದ. ಮೂರು ಕನ್ಚರ್ಟೊಗಳನ್ನೂ ಸ್ವತಃ ಮೆಟ್ನರನೇ ಫಿಲ್ಹಾರ್ಮೋನಿಯಾ ವಾದ್ಯವೃಂದದೊಂದಿಗೆ ನುಡಿಸಿದನು. ಎಚ್‌ಎಂವಿ ಸಂಸ್ಥೆ ಆ ಮುದ್ರಿಕೆಗಳನ್ನು ಹೊರತಂದಿತು. 1951ರಲ್ಲಿ ಅವನು ತೀರಿಕೊಳ್ಳುವ ವೇಳೆಗೆ ಅವನ ಬೆರಳುಗಳ ನಾದ ಲೋಕಕ್ಕೆ ಉಳಿದಿತ್ತು.

ಸಂಪ್ರದಾಯದ ನಿಯಮವನ್ನು ಹೊರೆಯೆಂದು ಬಗೆಯದೆ ಅದರೊಳಗೇ ಹೊಸತನ್ನು ಅರಸುವ ಮನೋಧರ್ಮ ಮೈಸೂರಿನ ವಾಗ್ಗೇಯಕಾರರದೂ ಆಗಿತ್ತು. ಒಡೆಯರು ಮೆಟ್ನರನಲ್ಲಿ ಕಂಡದ್ದು ಆ ಬಂಧುತ್ವವನ್ನೇ ಇರಬೇಕೆಂದು ನನ್ನ ಊಹೆ. ಅಪರಿಚಿತ ಸಂಗೀತದಲ್ಲಿ ಅವರು ಬೆರಗನ್ನಷ್ಟೇ ಹುಡುಕಲಿಲ್ಲ, ಪರಿಚಿತವಾದ ನಿಷ್ಠೆಯೊಂದನ್ನು ಗುರುತಿಸಿದರು.

ಅವರ ನೆರವು ಒಬ್ಬನಿಗೇ ಸೀಮಿತವಾಗಿರಲಿಲ್ಲ. ಫಿಲ್ಹಾರ್ಮೋನಿಯಾ ವಾದ್ಯವೃಂದದ ಸ್ಥಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ ಅರಮನೆಯ ಧ್ವನಿಮುದ್ರಿಕೆಗಳ ಭಂಡಾರವನ್ನೂ ಹಲವು ದೊಡ್ಡ ಪಿಯಾನೊಗಳನ್ನೂ ಕಂಡು ಬೆರಗಾದರು. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ನೀಡಲು ಒಡೆಯರು ಒಪ್ಪಿದರೆಂದು ಲೆಗ್ ಸ್ಮರಿಸಿದ್ದಾರೆ. ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಒಡೆಯರೇ. ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳ ಪ್ರಥಮ ಪ್ರಯೋಗ 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯಿತು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಅದರ ಖರ್ಚಿಗೆ ಹೊಣೆಯಾಗಿ ನಿಂತವರು ನಮ್ಮ ಮಹಾರಾಜರು. ಸಭೆಯಲ್ಲಿ ಅವರಿರಲಿಲ್ಲ, ಅವರ ಸಂಗ್ರಹಕ್ಕಾಗಿ ಆ ಕಚೇರಿಯ ಮುದ್ರಣವನ್ನು ಮಾಡಿಸಲಾಯಿತು.

ಈ ಅಧ್ಯಾಯವನ್ನಷ್ಟೇ ಓದಿದವರಿಗೆ ಒಡೆಯರು ಸ್ವಂತ ಸಂಗೀತವನ್ನು ಮರೆತು ಪರಸಂಗೀತಕ್ಕೆ ಮಾರುಹೋದವರೆಂದು ತೋರಬಹುದು. ನಡೆದದ್ದು ಅದಕ್ಕೆ ವಿರುದ್ಧವಾದುದು. ಪಾಶ್ಚಾತ್ಯ ಸಂಗೀತದ ವ್ಯಾಸಂಗ ಪಕ್ವವಾಗುತ್ತಿದ್ದ ಕಾಲದಲ್ಲಿಯೇ ಅವರು ಕರ್ನಾಟಕ ಸಂಗೀತದತ್ತ ಗಂಭೀರವಾಗಿ ತಿರುಗಿದರು. ವೀಣೆಯನ್ನು ವೆಂಕಟಗಿರಿಯಪ್ಪನವರಲ್ಲಿ ಅಭ್ಯಸಿಸಿದರು. ಸಂಗೀತಶಾಸ್ತ್ರ ಮತ್ತು ರಚನೆಯ ಮರ್ಮಗಳನ್ನು ಮೈಸೂರು ವಾಸುದೇವಾಚಾರ್ಯರಿಂದ ಅರಿತರು. ಅರಸನಾದ ಮೇಲೆ, ಪಾಶ್ಚಾತ್ಯ ಸಂಗೀತದ ಪದವಿಗಳನ್ನು ಗಳಿಸಿದ ಮೇಲೆ, ಮತ್ತೆ ವಿದ್ಯಾರ್ಥಿಯಾಗಿ ಕುಳಿತುಕೊಳ್ಳುವ ವಿನಯ ಸಣ್ಣದಲ್ಲ.

ಅವರ ಕೃತಿಗಳು ಸಂಸ್ಕೃತದಲ್ಲಿವೆ. ಶ್ರೀವಿದ್ಯೋಪಾಸನೆ ಅವುಗಳ ಜೀವಾಳ. ಮುತ್ತುಸ್ವಾಮಿ ದೀಕ್ಷಿತರ ಮಾರ್ಗದಂತೆ ಹಲವು ಕೃತಿಗಳ ಸಾಹಿತ್ಯದೊಳಗೆ ರಾಗದ ಹೆಸರೂ ಬರುತ್ತದೆ. ಅಠಾಣ ರಾಗದ ‘ಶ್ರೀ ಮಹಾಗಣಪತಿಂ’, ಗಂಭೀರನಾಟದ ‘ಶ್ರೀ ಜಾಲಂಧರ’ ಇಂದಿಗೂ ಕಚೇರಿಗಳಲ್ಲಿ ಜನಪ್ರಿಯ. ರಾಜಸ್ಥಾನದ ಜನಪದದ ಕಂಪುಳ್ಳ ಮಾಂಡ್ ರಾಗಕ್ಕೂ ‘ಬ್ರಹ್ಮಾಂಡವಲಯೇ’ ಕೃತಿಯಲ್ಲಿ ಅವರು ಸ್ಥಾನ ಕೊಟ್ಟರು. ಭೋಗವಸಂತ, ದುರ್ವಾಂಕಿ, ಜಯಸಂವರ್ಧಿನಿಯಂಥ ಅಪರೂಪದ ರಾಗಗಳನ್ನೂ ಬಳಸಿದರು.

ಈ ಕೃತಿಗಳಲ್ಲಿ ಪಿಯಾನೊ ಎಲ್ಲಿದೆ ಎಂದು ನಾನು ಹುಡುಕಿದ್ದುಂಟು. ನನಗೆ ಅದು ಸಿಗಲಿಲ್ಲ. ಸ್ವರಗಳು ಗಮಕದೊಡನೆಯೇ ಚಲಿಸುತ್ತವೆ. ಏಕಕಾಲಕ್ಕೆ ಹಲವು ಸ್ವರಗಳು ಕೂಡುವ ಪಾಶ್ಚಾತ್ಯ ಸ್ವರಮೇಳದ ಸುಳಿವು ಅಲ್ಲಿಲ್ಲ. ಎರಡು ಪದ್ಧತಿಗಳನ್ನೂ ಆಳವಾಗಿ ಬಲ್ಲವರು ಅವನ್ನು ಬೆರೆಸುವ ಆತುರಕ್ಕೆ ಹೋಗಲಿಲ್ಲ. ಪ್ರತಿಯೊಂದಕ್ಕೂ ಅದರ ನಿಯಮದಲ್ಲಿಯೇ ಗೌರವ ಸಲ್ಲಿಸಿದರು. ಸಾಹಿತ್ಯ ಮತ್ತು ಧಾತುವಿನ ಅಚ್ಚುಕಟ್ಟಾದ ಕಟ್ಟಡದಲ್ಲಿ, ಒಂದೂ ಸ್ವರ ಸಡಿಲವಾಗದ ಬಿಗಿಯಲ್ಲಿ, ಬಹುಶಃ ಆ ವ್ಯಾಸಂಗದ ಶಿಸ್ತು ಇದ್ದೀತು.

ಮೈಸೂರು ಭಾರತದ ಒಕ್ಕೂಟವನ್ನು ಸೇರಿದ ಬಳಿಕ ಒಡೆಯರು ರಾಜಪ್ರಮುಖರಾದರು. 1956ರಿಂದ ಮೈಸೂರು ರಾಜ್ಯದ, 1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿದ್ದರು. ಅರಸೊತ್ತಿಗೆಯೊಡನೆ ಆಸ್ಥಾನದ ಆಶ್ರಯವೂ ಸಂಕುಚಿತವಾಯಿತು. ಗುರುಗಳಾದ ವಾಸುದೇವಾಚಾರ್ಯರು ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರವನ್ನು ಸೇರಿದರು. ಪೋಷಕನ ಸಂಪತ್ತು ಕರಗಬಲ್ಲದು, ರಚನಕಾರನ ಕೃತಿ ನಿಲ್ಲಬಲ್ಲದು ಎಂಬುದಕ್ಕೆ ಒಡೆಯರ ಬಾಳೇ ನಿದರ್ಶನ. 1974ರ ಸೆಪ್ಟೆಂಬರ್ 23ರಂದು, 55ನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಪರಸಂಗೀತದ ಒಲವು ಸ್ವಂತ ಸಂಗೀತದಿಂದ ನಮ್ಮನ್ನು ದೂರಮಾಡುವುದೆಂಬ ಅಂಜಿಕೆ ಹೊರನಾಡಿನ ನಮ್ಮಂಥ ಮನೆಗಳಲ್ಲಿ ಸಾಮಾನ್ಯ. ಒಡೆಯರ ವಿಷಯದಲ್ಲಿ ಪಿಯಾನೊ ಮೊದಲು ಬಂದಿತು, ಕೃತಿರಚನೆ ಬಳಿಕ ಬಂದಿತು. ಒಂದು ಇನ್ನೊಂದನ್ನು ಹೊರಗಟ್ಟಲಿಲ್ಲ. ಎಲ್ಲರಿಗೂ ಹಾಗೆಯೇ ಆಗುವುದೆಂದು ಹೇಳುವ ಧೈರ್ಯ ನನಗಿಲ್ಲ. ಅವರಿಗಿದ್ದ ಗುರುಗಳೂ ಅರಮನೆಯೂ ನಮಗಿಲ್ಲ. ಮಗಳು ಇಂದಿಗೂ ಪಿಯಾನೊವನ್ನೇ ಕಲಿಯುತ್ತಿದ್ದಾಳೆ. ಮೆಟ್ನರನ ಕನ್ಚರ್ಟೊ ಮೈಸೂರಿಗೆ ಅರ್ಪಿತವಾದ ಸಂಗತಿಯನ್ನು ಅವಳಿಗೆ ತಿಳಿಸಿದ ದಿನ, ಅದೇ ಮಹಾರಾಜರ ಅಠಾಣದ ಕೃತಿಯನ್ನು ಅವಳೇ ಕೇಳಿ ಹಾಕಿಸಿಕೊಂಡಳು. ಆಮೇಲೆ ನಾನು ಮೆಟ್ನರನನ್ನು ಪೂರ್ತಿಯಾಗಿ ಕೇಳಿದೆನು.