ಸತ್ತ ಮೇಲೆ ಸಿಕ್ಕ ನ್ಯಾಯ

ಅಮೆರಿಕದ ಸೇನಾಧಿಕಾರಿ, ಎಂಜಿನಿಯರ್ ಗವರ್ನೀರ್ ವಾರೆನ್ ಜನಿಸಿದ್ದು 1830ರಲ್ಲಿ, ನ್ಯೂಯಾರ್ಕ್ ರಾಜ್ಯದ ಕೋಲ್ಡ್ ಸ್ಪ್ರಿಂಗ್‌ನಲ್ಲಿ. 1850ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿಂದ ಎರಡನೇ ಸ್ಥಾನದಲ್ಲಿ ತೇರ್ಗಡೆಯಾಗಿ, ಮಿಸಿಸಿಪ್ಪಿ ನದಿಯ ಪಶ್ಚಿಮದ ಸೀಮೆಯ ನಕಾಶೆ ತಯಾರಿಸಿದರು.

ಅಂತರ್ಯುದ್ಧದಲ್ಲಿ, 1863ರ ಜುಲೈ 2ರಂದು ಗೆಟ್ಟಿಸ್‌ಬರ್ಗ್‌ನ ಲಿಟಲ್ ರೌಂಡ್ ಟಾಪ್ ಗುಡ್ಡದಲ್ಲಿ ಹೋರಾಡುವ ಪಡೆಯೇ ಇಲ್ಲದ್ದನ್ನು ಗಮನಿಸಿ ತುರ್ತಾಗಿ ಸೈನ್ಯ ಕರೆಸಿದರು. ಗುಡ್ಡ ಕೈತಪ್ಪಲಿಲ್ಲ.

1865ರ ಏಪ್ರಿಲ್ 1ರಂದು ಫೈವ್ ಫೋರ್ಕ್ಸ್ ಕದನ ಗೆದ್ದ ದಿನವೇ ಜನರಲ್ ಶೆರಿಡನ್, ವಿಳಂಬದ ಆರೋಪ ಹೊರಿಸಿ ಅವರನ್ನು ಐದನೇ ಕೋರ್‌ನ ನಾಯಕತ್ವದಿಂದ ತೆಗೆದುಹಾಕಿದರು. ವಿಚಾರಣೆ ನಡೆಸಿ ಎಂದು ವಾರೆನ್ ವರ್ಷಗಟ್ಟಲೆ ಮೊರೆಯಿಟ್ಟರು. ಅಧ್ಯಕ್ಷ ಹೇಯ್ಸ್ ಆದೇಶಿಸಿದ್ದು 1879ರಲ್ಲಿ.

1882ರ ಆಗಸ್ಟ್ 8ರಂದು ವಾರೆನ್ ನಿಧನರಾದರು. ಅವರ ಇಚ್ಛೆಯಂತೆ ಸೇನಾ ಗೌರವವಿಲ್ಲದೆ, ಸಾದಾ ಉಡುಪಿನಲ್ಲೇ ಮಣ್ಣು ಮಾಡಲಾಯಿತು. ಬಹುಪಾಲು ಆರೋಪಗಳಿಂದ ಅವರನ್ನು ಮುಕ್ತಗೊಳಿಸಿದ ವರದಿ ಪ್ರಕಟವಾದದ್ದು ಆನಂತರ. 1888ರಲ್ಲಿ ಅದೇ ಗುಡ್ಡದ ಮೇಲೆ ಅವರ ಕಂಚಿನ ಪ್ರತಿಮೆ ನಿಂತಿತು.