ಮುರಿದ ಕಾಲಿನಲ್ಲೇ ವಿಶ್ವಕಪ್ ಸೆಮಿಫೈನಲ್ ಆಡಿ ಮುಗಿಸಿದ ಫ್ರಾನ್ಸ್ ನಾಯಕ: ರಾಬರ್ಟ್ ಜಾಂಕೆ ಕಥೆ

ಇಂದು ಫುಟ್ಬಾಲ್ ಪಂದ್ಯದಲ್ಲಿ ಆಟಗಾರನೊಬ್ಬ ಗಾಯಗೊಂಡರೆ ನಿಮಿಷದೊಳಗೆ ಬದಲಿ ಆಟಗಾರ ಮೈದಾನಕ್ಕಿಳಿಯುತ್ತಾನೆ. 1958ರ ವಿಶ್ವಕಪ್‌ನಲ್ಲಿ ಅಂಥ ಅವಕಾಶವೇ ಇರಲಿಲ್ಲ. ಆ ನಿಯಮಕ್ಕೆ ದೊಡ್ಡ ಬೆಲೆ ತೆತ್ತವರು ಫ್ರಾನ್ಸ್ ತಂಡದ ರಕ್ಷಣಾ ಆಟಗಾರ ಹಾಗೂ ನಾಯಕ ರಾಬರ್ಟ್ ಜಾಂಕೆ.

ಜಾಂಕೆ ಹುಟ್ಟಿದ್ದು 1925ರ ಮೇ 3ರಂದು, ಪ್ಯಾರಿಸ್‌ನಲ್ಲಿ. ಆದರೆ ಅವರ ಹೆಸರು ಬೆಸೆದುಕೊಂಡಿರುವುದು ಶಾಂಪೇನ್‌ಗೆ ಪ್ರಸಿದ್ಧವಾದ ರೀಮ್ಸ್ ನಗರದೊಂದಿಗೆ. ಎರಡನೇ ಮಹಾಯುದ್ಧ ಮುಗಿದ ವರ್ಷ, 1945ರಲ್ಲಿ ಸ್ಟೇಡ್ ಡಿ ರೀಮ್ಸ್ ತಂಡದ ಪರ ಆಡಲು ಆರಂಭಿಸಿದ ಅವರು 1960ರವರೆಗೂ ಅಲ್ಲೇ ಉಳಿದರು. ರಕ್ಷಣೆಯ ನಟ್ಟನಡುವೆ ನಿಂತು ಎದುರಾಳಿಯ ಪ್ರಮುಖ ಸ್ಟ್ರೈಕರ್‌ನನ್ನು ಕಟ್ಟಿಹಾಕುವುದು ಅವರ ಕೆಲಸ. ಅದನ್ನವರು ಒರಟುತನದಿಂದಲ್ಲ, ಲೆಕ್ಕಾಚಾರದಿಂದ ಮಾಡುತ್ತಿದ್ದರು.

ಚಿಕ್ಕ ನಗರದ ದೊಡ್ಡ ತಂಡ

ಆ 15 ವರ್ಷಗಳಲ್ಲಿ ರೀಮ್ಸ್ ಐದು ಬಾರಿ (1949, 1953, 1955, 1958, 1960) ಫ್ರೆಂಚ್ ಲೀಗ್ ಚಾಂಪಿಯನ್ ಆಯಿತು. 1950 ಮತ್ತು 1958ರಲ್ಲಿ ಫ್ರೆಂಚ್ ಕಪ್ ಕೂಡ ತಂಡದ ಪಾಲಾಯಿತು. ಕೋಚ್ ಆಲ್ಬರ್ಟ್ ಬಾತೋ ತಂಡಕ್ಕೆ ಆಕ್ರಮಣಕಾರಿ ಆಟ ಕಲಿಸಿದರು. ಮುಂದಿನವರು ಅಷ್ಟು ನಿರಾತಂಕವಾಗಿ ಆಡಲು ಹಿಂದೆ ಜಾಂಕೆ ಇದ್ದದ್ದೂ ಕಾರಣ.

1951ರ ಅಕ್ಟೋಬರ್‌ನಲ್ಲಿ ಲಂಡನ್‌ನ ಹೈಬರಿ ಮೈದಾನದಲ್ಲಿ ಫ್ರಾನ್ಸ್ ತಂಡ ಇಂಗ್ಲೆಂಡ್ ವಿರುದ್ಧ 2-2 ಡ್ರಾ ಸಾಧಿಸಿತು. ಯುರೋಪ್ ಖಂಡದ ಯಾವ ತಂಡವೂ ಆವರೆಗೆ ಇಂಗ್ಲೆಂಡ್‌ ಅನ್ನು ಅದರ ನೆಲದಲ್ಲಿ ಮಣಿಸಿರದ ಕಾಲವದು. ಅಂದಿನ ಆಟ ಜಾಂಕೆ ಅವರಿಗೆ ‘ಹೈಬರಿಯ ಹೀರೊ’ ಎಂಬ ಹೆಸರು ತಂದುಕೊಟ್ಟಿತು.

1956ರಲ್ಲಿ ನಡೆದ ಮೊದಲ ಯುರೋಪಿಯನ್ ಕಪ್ ಫೈನಲ್‌ನಲ್ಲಿ ರೀಮ್ಸ್ ಹತ್ತೇ ನಿಮಿಷಗಳಲ್ಲಿ 2-0 ಮುನ್ನಡೆ ಪಡೆದಿತ್ತು. ಆದರೂ ರಿಯಲ್ ಮ್ಯಾಡ್ರಿಡ್ 4-3ರಿಂದ ಗೆದ್ದುಬಿಟ್ಟಿತು. ಮೂರು ವರ್ಷಗಳ ನಂತರ, 1959ರ ಫೈನಲ್‌ನಲ್ಲೂ ಅದೇ ಎದುರಾಳಿ, ಅದೇ ಫಲಿತಾಂಶ. ಈ ಬಾರಿ ಅಂತರ 2-0.

ಆ ಒಂದು ಸಂಜೆ

ಇವೆರಡು ಸೋಲುಗಳ ನಡುವೆ ಬಂದದ್ದು ಸ್ವೀಡನ್ ವಿಶ್ವಕಪ್. 1958ರ ಜೂನ್ 24ರಂದು ಸ್ಟಾಕ್‌ಹೋಮ್ ಬಳಿಯ ರಸುಂಡಾ ಕ್ರೀಡಾಂಗಣದಲ್ಲಿ ಬ್ರೆಜಿಲ್ ವಿರುದ್ಧ ಸೆಮಿಫೈನಲ್. ಎರಡನೇ ನಿಮಿಷದಲ್ಲೇ ವಾವಾ ಗೋಲು ಹೊಡೆದರು. ಸ್ವಲ್ಪ ಹೊತ್ತಿನಲ್ಲೇ ಜಸ್ಟ್ ಫಾಂಟೇನ್ ಸಮಬಲ ತಂದುಕೊಟ್ಟರು. ಸ್ಕೋರ್ 1-1 ಇದ್ದಾಗ, ವಿರಾಮಕ್ಕೂ ಮುನ್ನ, ವಾವಾ ಜತೆಗಿನ ಡಿಕ್ಕಿಯಲ್ಲಿ ಜಾಂಕೆ ಕಾಲಿನ ಮೂಳೆ ಮುರಿಯಿತು.

ಬದಲಿ ಆಟಗಾರ ಬರುವಂತಿಲ್ಲ. ಜಾಂಕೆ ಹೊರಗೆ ಕುಳಿತರೆ ತಂಡಕ್ಕೆ ಉಳಿಯುವುದು ಹತ್ತೇ ಮಂದಿ. ಹಾಗಾಗಿ ಅವರು ಮೈದಾನಕ್ಕೆ ಮರಳಿ, ಕುಂಟುತ್ತಲೇ ಅಂಚಿನಲ್ಲಿ ನಿಂತರು. ಎದುರಾಳಿಗಳಲ್ಲಿ ಒಬ್ಬನ ಗಮನವನ್ನಾದರೂ ತಮ್ಮತ್ತ ಸೆಳೆಯಬಹುದು ಎಂಬುದಷ್ಟೇ ಇದರ ಲಾಭ. ರಕ್ಷಣೆಯ ನಡುವೆ ಅವರ ಜಾಗ ಖಾಲಿಯಾಗಿತ್ತು. ವಿರಾಮಕ್ಕೂ ಮೊದಲೇ ಡೀಡಿ ಬ್ರೆಜಿಲ್‌ಗೆ ಮುನ್ನಡೆ ತಂದರು. ದ್ವಿತೀಯಾರ್ಧದಲ್ಲಿ 17ರ ಹರೆಯದ ಪೆಲೆ 23 ನಿಮಿಷಗಳ ಅಂತರದಲ್ಲಿ ಹ್ಯಾಟ್ರಿಕ್ ಬಾರಿಸಿದರು. ಪಂದ್ಯ 5-2ರಲ್ಲಿ ಮುಗಿಯಿತು.

ಜಾಂಕೆ ಗಾಯಗೊಳ್ಳದಿದ್ದರೂ ಬ್ರೆಜಿಲ್ ಗೆಲ್ಲುತ್ತಿತ್ತೇನೋ. ಆದರೆ ಅವರು ಸರಿಯಾಗಿ ಆಡುತ್ತಿದ್ದಷ್ಟು ಹೊತ್ತು ಪಂದ್ಯ ಸಮಬಲದಲ್ಲಿತ್ತು ಎಂಬುದನ್ನು ಫ್ರಾನ್ಸ್ ಮರೆಯಲಿಲ್ಲ. ನಾಯಕನಿಲ್ಲದ ತಂಡ ಪಶ್ಚಿಮ ಜರ್ಮನಿಯನ್ನು 6-3ರಿಂದ ಸೋಲಿಸಿ ಮೂರನೇ ಸ್ಥಾನ ಪಡೆಯಿತು. ಟೂರ್ನಿಯಲ್ಲಿ 13 ಗೋಲು ಹೊಡೆದ ಫಾಂಟೇನ್ ದಾಖಲೆ ಬರೆದರು.

ಕೋಚ್ ಆಗಿ ಮರಳಿದ್ದು ಕಷ್ಟಕಾಲದಲ್ಲಿ

ಮುರಿದ ಕಾಲು ಕೂಡಿಕೊಂಡಿತು, ಜಾಂಕೆ ಮತ್ತೆ ಆಡಿದರು. 1948ರಿಂದ 1960ರವರೆಗೆ ದೇಶದ ಪರ 58 ಪಂದ್ಯಗಳು ಅವರ ಲೆಕ್ಕದಲ್ಲಿವೆ. 1960ರಲ್ಲಿ ಸ್ಟ್ರಾಸ್‌ಬರ್ಗ್ ತಂಡ ಸೇರಿ, ಅಲ್ಲಿಂದಲೇ ತರಬೇತಿಯತ್ತ ಹೊರಳಿದರು.

1964ರಲ್ಲಿ ರೀಮ್ಸ್ ಎರಡನೇ ದರ್ಜೆಗೆ ಜಾರಿತು. ಹಿಂದಿನ ವರ್ಷವಷ್ಟೇ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆದಿದ್ದ ತಂಡಕ್ಕೆ ಇದು ದೊಡ್ಡ ಆಘಾತ. ಆಗ ಕೋಚ್ ಹೊಣೆ ಹೊತ್ತವರು ಜಾಂಕೆ. ಹಳೆಯ ಸಹ ಆಟಗಾರ ರೇಮಂಡ್ ಕೋಪಾ ಈಗ ಅವರ ಕೈಕೆಳಗೆ ಆಡಿದರು. 1966ರಲ್ಲಿ ರೀಮ್ಸ್ ಎರಡನೇ ದರ್ಜೆಯ ಚಾಂಪಿಯನ್ ಆಗಿ ಮೇಲೆ ಬಂತು. ಆದರೆ ಸಂಭ್ರಮ ಉಳಿದದ್ದು ಒಂದೇ ಋತು. 1967ರಲ್ಲಿ ತಂಡ ಮತ್ತೆ ಕೆಳಗಿಳಿಯಿತು, ಜಾಂಕೆ ಹುದ್ದೆ ಬಿಟ್ಟರು. ಆಟಗಾರನಾಗಿ ಕಂಡ ವೈಭವ ಕೋಚ್ ಆಗಿ ಅವರಿಗೆ ದಕ್ಕಲಿಲ್ಲ.

ವಿಶ್ವಕಪ್‌ನಲ್ಲಿ ಬದಲಿ ಆಟಗಾರರಿಗೆ ಅವಕಾಶ ಸಿಕ್ಕಿದ್ದು 1970ರ ಮೆಕ್ಸಿಕೊ ಟೂರ್ನಿಯಲ್ಲಿ, ರಸುಂಡಾ ಪಂದ್ಯ ನಡೆದ 12 ವರ್ಷಗಳ ಬಳಿಕ. ಜಾಂಕೆ 2008ರ ಡಿಸೆಂಬರ್ 18ರಂದು, 83ನೇ ವಯಸ್ಸಿನಲ್ಲಿ, ತಾವು ಆಡಿ ಬೆಳೆದ ರೀಮ್ಸ್‌ನಲ್ಲೇ ಕೊನೆಯುಸಿರೆಳೆದರು.